ಮೈದುನನ ಆಂಪ್ಲಿ, ಮುನಿಶಾಮಪ್ಪನ ಮೋಟಾರು

ಊರಿಗೆ ಕರೆಂಟು ಚೆನ್ನಾಗಿ ಬಂದುಬಿಟ್ಟಿತಲ್ಲಾ ಅಂತ ಗೋಡೆ ಕಡೆ ತಿರುಗಿ ಮಲಗಿ ಅತ್ತ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿರುವುದೇನು ಬಂತು, ವರ್ಷಗಟ್ಟಲೆ ಅವನಿಗೆ ಬೇಯಿಸಿ ಹಾಕಿದ್ದೇನೆ! ಅವನು ನನ್ನ ಮೈದುನ, ನಮ್ಮ ಯಜಮಾನರ ಒಬ್ಬನೇ ತಮ್ಮ. ನಾನು ಮದುವೆಯಾಗಿ ಯಲಹಂಕದ ಮನೆಗೆ ಕಾಲಿಟ್ಟಾಗ ಅತ್ತೆಯಿಲ್ಲ, ಮಾವನಿಲ್ಲ, ನಾದಿನಿಯರಿಲ್ಲ, ಎಂಥ ಅದೃಷ್ಟ ಅಂತ ತವರಿನವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮೈದುನ ಒಬ್ಬನಿದ್ದಾನೆ, ಬಡಪಾಯಿ, ತನ್ನ ಪಾಡಿಗೆ ತಾನು ಏನೋ ಬಾರಿಸಿಕೊಂಡಿರುತ್ತಾನೆ ಅಂದರು. ಆ ಬಾರಿಸುವಿಕೆ ನನ್ನ ಸಂಸಾರದ ಮೇಲೆ ಹೇಗೆ ಕೂತುಕೊಳ್ಳುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು!

ಅವನು ಬಾರಿಸುತ್ತಿದ್ದುದು ಹವಾಯಿ ಗಿಟಾರು. ಅರವತ್ತನೇ ಇಸವಿಯ ಸುಮಾರಿಗೆ ಬೆಂಗಳೂರಿನ ಹುಡುಗರಿಗೆ ಆ ವಾದ್ಯದ ಗೀಳು ಹತ್ತಿತ್ತು. ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಒಂದು ಕೈಯಿಂದ ತಂತಿ ಮೀಟುತ್ತಾ, ಇನ್ನೊಂದು ಕೈಯಿಂದ ತಂತಿಯ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸಬೇಕು. ಅವನ ಕೈ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹೆಬ್ಬಾಳದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅವನಿಗಿದ್ದ ಆಸೆ ಒಂದೇ: ಪೇಟೆಯ ದೊಡ್ಡ ವಾದ್ಯಗೋಷ್ಠಿಯೊಂದಕ್ಕೆ ಸೇರಿ, ಆ ಗುಮಾಸ್ತಿಕೆಗೆ ಕೈಮುಗಿದು ಹೊರಗೆ ಬರಬೇಕು. 'ಆ ಕುರ್ಚಿ ಮೇಲೆ ಕೂತ್ರೆ ನಾನು ಬದುಕಿದೀನಾ ಇಲ್ವಾ ಅಂತಾನೇ ಗೊತ್ತಾಗಲ್ಲ ಅತ್ತಿಗೆ' ಅನ್ನುತ್ತಿದ್ದ. ಸೇರಬಹುದಿತ್ತಲ್ಲ, ಅಡ್ಡಿಯೇನು ಅಂತೀರಾ? ಅಡ್ಡಿ ಇದ್ದದ್ದು ಆಂಪ್ಲಿಫೈಯರಿನಲ್ಲಿ! ಮನೆಯಲ್ಲಿ ಅದಕ್ಕೆ ಆಂಪ್ಲಿ ಅಂತ ಮುದ್ದಿನ ಹೆಸರು. ಗಿಟಾರಿನ ಸದ್ದು ಆಂಪ್ಲಿಯೊಳಗೆ ಹೋಗಿ ದೊಡ್ಡದಾಗಿ ಹೊರಗೆ ಬರಬೇಕು. ಹಾಗೆ ಬಂದ ಸದ್ದು ಅವನ ಕಿವಿಯೊಳಗಿದ್ದ ಸದ್ದಿನ ಹಾಗೆ ಇರುತ್ತಿರಲಿಲ್ಲ. ಅವನ ಕಿವಿಯೊಳಗೆ ಯಾವ ಸದ್ದಿತ್ತು ಅಂತ ನಾವು ಹೇಗೆ ನೋಡೋಣ!

ಆಂಪ್ಲಿಯೊಳಗೆ ಎರಡು ಭಾಗವಂತೆ. ಹಿಂದಿನದು ಬರೀ ಗಂಟಲು ದೊಡ್ಡದು ಮಾಡುತ್ತದೆ. ಮುಂದಿನದಕ್ಕೆ ಪ್ರಿಆಂಪ್ ಅಂತ ಹೆಸರು, ಸ್ವರಕ್ಕೆ ಗುಣ ಬರುವುದು ಅಲ್ಲಿ. ನನಗೆ ಅರ್ಥವಾಗಲಿ ಅಂತ ಅಡುಗೆಮನೆಗೇ ಬಂದು ವಿವರಿಸಿದ.

'ಸಾರಿಗೆ ಒಗ್ಗರಣೆ ಇದ್ದ ಹಾಗೆ ಅತ್ತಿಗೆ. ಅದು ಸರಿಯಾಗಿ ಬಿದ್ರೆ ಎಲ್ಲಾ ಸರಿಹೋಗುತ್ತೆ.'

'ಸಾರಿಗೆ ನಾನು ಒಂದು ಸಲ ಒಗ್ಗರಣೆ ಹಾಕ್ತೀನಿ ಕಣಯ್ಯ. ನೀನು ಭಾನುವಾರ ಪೂರ್ತಿ ಒಗ್ಗರಣೇನೇ ಹಾಕ್ತಾ ಇದೀಯ. ಸಾರೆಲ್ಲಿ?'

ಅವನು ಯೋಚನೆ ಮಾಡುವವನ ಹಾಗೆ ಮುಖ ಮಾಡಿ, 'ಅದೇ ನಾನೂ ಹುಡುಕ್ತಾ ಇರೋದು' ಅಂದು ಹೊರಟುಹೋದ. ಇಂಥವನ ಜೊತೆ ಜಗಳ ಆಡಲಿಕ್ಕಾದರೂ ಆಗುತ್ತದೆಯೇ?

ಒಂದು ಆಂಪ್ಲಿ ಇದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಎರಡಿದ್ದವು. ಒಂದು ಕರೀ ಕಬ್ಬಿಣದ ಪೆಟ್ಟಿಗೆ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯವರು ಬೇಡ ಅಂತ ಬಿಸಾಕಿದ್ದು. ಊರಿನ ಚುನಾವಣಾ ಭಾಷಣಗಳನ್ನೆಲ್ಲ ಮಾಡಿ ಅದರ ಗಂಟಲು ಕಟ್ಟಿತ್ತು. ಇನ್ನೊಂದನ್ನು ಅವನೇ ಕಟ್ಟಿದ್ದ. ಟೀಪುಡಿ ತುಂಬಿ ಬರುವ ಮರದ ಪೆಟ್ಟಿಗೆಯೊಳಗೆ ಕೆಟ್ಟ ರೇಡಿಯೋಗಳ ವಾಲ್ವು ಅನ್ನುವ ಗಾಜಿನ ಬುರುಡೆಗಳನ್ನು ಸಾಲಾಗಿ ನಿಲ್ಲಿಸಿದ್ದ. ಅವು ಕಾದು ಕೆಂಪಗೆ ಹೊಳೆಯುವವರೆಗೂ ಬಾಯಿ ಬಿಡುತ್ತಿರಲಿಲ್ಲ. ಪೆಟ್ಟಿಗೆ ಬೆಚ್ಚಗಿರುತ್ತದೆ ಅಂತ ನಮ್ಮ ಬೆಕ್ಕು ಅದರ ಮೇಲೆಯೇ ಸಂಸಾರ ಹೂಡಿತು. ಆ ಮನೆಯಲ್ಲಿ ಆಂಪ್ಲಿಯಿಂದ ಸುಖಪಟ್ಟ ಜೀವ ಅದೊಂದೇ!

ಎರಡರಲ್ಲಿ ಯಾವುದು ಚೆನ್ನ? ಇದು ನಮ್ಮ ಮನೆಯ ನಿತ್ಯದ ಪ್ರಶ್ನೆ. ಕಣ್ಣಿಗೆ ಕಂಡರೆ ಪಕ್ಷಪಾತ ಮಾಡಿಬಿಡುತ್ತೀರಿ ಅಂತ ಅವನು ನಡುಮನೆಗೆ ಅಡ್ಡಲಾಗಿ ಒಂದು ಪಂಚೆ ಕಟ್ಟುತ್ತಿದ್ದ, ಮದುವೆಯ ಅಂತರಪಟದ ಹಾಗೆ. ಆಚೆ ಕಡೆ ಅವನು, ಈಚೆ ಕಡೆ ನಾವು. ಒಂದು ಆಂಪ್ಲಿಯಲ್ಲಿ 'ಟೊಂಯ್' ಅನ್ನಿಸಿ, ಇನ್ನೊಂದರಲ್ಲಿ 'ಟೊಂಯ್' ಅನ್ನಿಸಿ, 'ಇದಾ? ಅದಾ?' ಅಂತ ಕೇಳುತ್ತಿದ್ದ. ನಮ್ಮ ಯಜಮಾನರು ರೈಲ್ವೆಯವರು, ಮಾತು ಕಮ್ಮಿ. ಪೇಪರಿನಿಂದ ತಲೆ ಎತ್ತದೆ 'ಮೊದಲನೇದು' ಅನ್ನುತ್ತಿದ್ದರು. ಒಂದು ದಿನ ಅವನು ಇನ್ನೂ ಪಂಚೆ ಕಟ್ಟುತ್ತಿರುವಾಗಲೇ 'ಮೊದಲನೇದು' ಅಂದುಬಿಟ್ಟರು. ಅದಾದ ಮೇಲೆ ಅಣ್ಣತಮ್ಮಂದಿರ ನಡುವೆ ಎಷ್ಟೋ ದಿನ ಮಾತು ನಿಂತಿತ್ತು. ಇಬ್ಬರಿಗೂ ಅದು ಗೊತ್ತಾಗಲಿಲ್ಲ ಅನ್ನುವುದು ಬೇರೆ ವಿಷಯ.

ಬಂದವರಿಗೂ ಬಿಡುಗಡೆ ಇರಲಿಲ್ಲ. ನಮ್ಮ ಸೋದರಮಾವ ಮಗಳ ಮದುವೆಗೆ ಕರೆಯಲು ದೂರದಿಂದ ಬಂದರು. ಅವರನ್ನು ಪಂಚೆಯ ಮುಂದೆ ಕೂರಿಸಿದ. ಪಾಪ, ಮರ್ಯಾದಸ್ಥರು, 'ಎರಡೂ ಚೆನ್ನಾಗಿದೆಯಪ್ಪ' ಅಂದರು. ಎರಡೂ ಚೆನ್ನಾಗಿದೆ ಅನ್ನುವುದು ಅವನ ನ್ಯಾಯಾಲಯದಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧ! 'ಇಲ್ಲ ಮಾವ, ಸರಿಯಾಗಿ ಕೇಳಿ, ಇದರಲ್ಲಿ ಟ್ರೆಬಲ್ ಜಾಸ್ತಿ, ಚುಚ್ಚುತ್ತೆ. ಅದರಲ್ಲಿ ಬೇಸ್ ಜಾಸ್ತಿ, ಮಂಕು ಹಿಡಿದಿದೆ' ಅಂತ ತಿರುಪುಗಳನ್ನು ತಿರುವಿ ತಿರುವಿ ಕೇಳಿಸಿದ. ಮಾವ ಕೊನೆಗೆ ರೈಲು ತಪ್ಪುತ್ತದೆ ಅಂತ ಓಡಿದರು. ಮದುವೆಗೆ ಕರೆಯಲು ಬಂದವರು ಕರೆಯುವುದನ್ನೇ ಮರೆತು ಹೋದರು. ಕರೆಯದೆ ನಾವು ಹೋಗಲಿಲ್ಲ, ಹೋಗದೆ ಇದ್ದುದಕ್ಕೆ ಅವರು ಮುನಿಸಿಕೊಂಡರು. ಹೀಗೆ ನನ್ನ ತವರಿನ ದಾರಿಯೂ ಒಂದು ಕಡೆಯಿಂದ ಮುಚ್ಚಿತು.

ನಗುತ್ತಾ ಹೇಳುತ್ತಿದ್ದೇನೆ, ಆದರೆ ಆಗ ನನಗೆ ನಗು ಬರುತ್ತಿರಲಿಲ್ಲ. ಅವನಿಗಂತೂ ಮೊದಲೇ ಇಲ್ಲ. ತಿರುಪು ತಿರುವುವುದು, ಕಿವಿಗೊಡುವುದು, ಅಲ್ಲ ಅಂತ ತಲೆಯಾಡಿಸುವುದು. ವರ್ಷಗಳು ಹೀಗೇ ಹೋದವು. ಜೊತೆಯವರಿಗೆ ಮಕ್ಕಳಾದವು, ಇವನ ತಲೆಯಲ್ಲಿ ಕೂದಲು ತೆಳ್ಳಗಾಯಿತು. ಸ್ವರ ಸಿಗುವವರೆಗೂ ವಾದ್ಯಗೋಷ್ಠಿಯವರ ಮುಂದೆ ಹೋಗುವುದಿಲ್ಲ ಅಂತ ಅವನ ಹಟ. ಸ್ವರ ಸಿಗುವುದಿಲ್ಲ ಅಂತ ದೇವರ ಹಟ.

ಹಾಗಿರುವಾಗ ಒಂದು ಬೇಸಿಗೆಯ ಸಂಜೆ ಅದು ಸಿಕ್ಕಿಬಿಟ್ಟಿತು. ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಬಲ್ಬಿನೊಳಗಿನ ತಂತಿ ಮಾತ್ರ ಕೆಂಪಗೆ ಕಾಣುವಷ್ಟು ಬೆಳಕು. ನಮ್ಮೂರಿನಲ್ಲಿ ಸಂಜೆಯ ಕರೆಂಟೆಂದರೆ ಅಷ್ಟೇ. ಅಂಥ ಬೆಳಕಿನಲ್ಲಿ ಟೀಪೆಟ್ಟಿಗೆಯಿಂದ ಒಂದು ಸ್ವರ ಹೊರಗೆ ಬಂತು. ಚುಚ್ಚಲಿಲ್ಲ, ಮಂಕಾಗಿಯೂ ಇರಲಿಲ್ಲ. ಕೆನೆಗಟ್ಟಿದ ಹಾಲಿನ ಹಾಗೆ ದಪ್ಪಗಿತ್ತು. ಎಳೆದಷ್ಟೂ ಬಂತು, ಬಂದು ಸಣ್ಣಗೆ ನಡುಗಿ ನಿಂತಿತು. ನನ್ನ ಕೈ ಮೊರದಲ್ಲೇ ಉಳಿಯಿತು. ನಮ್ಮ ಯಜಮಾನರು ಪೇಪರು ಕೆಳಗಿಟ್ಟು ಇಷ್ಟು ವರ್ಷಗಳಲ್ಲಿ ಮೊದಲನೆಯ ಸಲ 'ಇದು' ಅಂದರು. ನಾನು ಎದ್ದು ಪಂಚೆ ಸರಿಸಿದೆ. ಇಣುಕಿದರೆ, ಮೈದುನ ಕಣ್ಣು ತುಂಬಿಕೊಂಡು ಕೂತಿದ್ದಾನೆ!

ಆಮೇಲೆ ಕೇಳಬೇಕೇ? ತಿರುಪುಗಳು ನಿಂತ ಜಾಗಕ್ಕೆ ಕುಂಕುಮದ ಗುರುತು ಹಾಕಿದ. ಬೆಕ್ಕಿಗೆ ಗಡಿಪಾರಾಯಿತು. ನಾನು ಧೂಳು ಹೊಡೆಯಬಾರದು, ಹತ್ತಿರ ಸೀನಬಾರದು. ಪೇಟೆಯ ವಾದ್ಯಗೋಷ್ಠಿಯಲ್ಲಿ ಗಿಟಾರಿನವನ ಜಾಗ ಖಾಲಿಯಿದೆ ಅಂತ ಸುದ್ದಿಯೂ ಆಗಲೇ ಬಂತು. ನಾವು ಮೂವರೂ ಬಸ್ಸಿನಲ್ಲಿ ಹೊರಟೆವು. ಆಂಪ್ಲಿ ಅವನ ತೊಡೆಯ ಮೇಲೆ, ಗಿಟಾರು ಯಜಮಾನರ ತೊಡೆಯ ಮೇಲೆ, ಮೊಸರನ್ನದ ಡಬ್ಬಿ ನನ್ನ ತೊಡೆಯ ಮೇಲೆ.

ವಾದ್ಯಗೋಷ್ಠಿಯ ಯಜಮಾನರು ವಯಸ್ಸಾದವರು, ಸಾಧು ಮನುಷ್ಯ. ಅಭ್ಯಾಸದ ಕೋಣೆಯಲ್ಲಿ ಪಿಟೀಲಿನವರು, ತಬಲದವರು ಎಲ್ಲರೂ ಸುತ್ತ ಕೂತರು. ಬಲ್ಬುಗಳು ಝಗಝಗ ಉರಿಯುತ್ತಿದ್ದವು. ನಮ್ಮವನು ಕುಂಕುಮದ ಗುರುತು ನೋಡಿಕೊಂಡು, ಕಣ್ಣುಮುಚ್ಚಿ ಮೀಟಿದ. ಡಬ್ಬದೊಳಗೆ ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗಾಯಿತು! ತಿರುಪು ನೋಡಿದ, ಜಾಗದಲ್ಲೇ ಇದೆ. ಇನ್ನೊಂದು ಸಲ ಮೀಟಿದ. ಅದೇ ಡಬ್ಬ, ಅದೇ ಕಡಲೆಕಾಳು.

'ಕೈ ಚೆನ್ನಾಗಿದೆ ಮಗು. ಸದ್ದು ಮಾತ್ರ ಕಿವಿಗೆ ಹೊಡೆಯುತ್ತೆ' ಅಂದರು ಗೋಷ್ಠಿಯ ಯಜಮಾನರು.

'ಮನೇಲಿ ಚೆನ್ನಾಗಿ ಬರುತ್ತೆ ಸಾರ್!'

ಎಲ್ಲರೂ ನಕ್ಕರು. ಯಾಕೆ ನಗುವುದಿಲ್ಲ? ಅಲ್ಲಿಗೆ ಬಂದು ಸೋತವರೆಲ್ಲ ಹೇಳಿ ಹೋದ ಮಾತು ಅದು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಮೊಸರನ್ನದ ಡಬ್ಬಿ ಮುಂದೆ ಹಿಡಿದರೆ ಅವನು ಆಚೆ ತಿರುಗಿ ಹೆಬ್ಬಾಳದ ಕೆರೆಯನ್ನೇ ನೋಡುತ್ತಾ ಕೂತ. ಸಂಜೆ ಮನೆಗೆ ಬಂದ ತಕ್ಷಣ ಚಪ್ಪಲಿ ಸಹ ಬಿಡದೆ ಆಂಪ್ಲಿ ಹಚ್ಚಿದ. ಪಾಪಿಷ್ಠ ಪೆಟ್ಟಿಗೆ, ಕೆನೆಹಾಲಿನ ಹಾಗೆ ಹಾಡಿತು!

ಕಾರಣ ತಿಳಿದದ್ದು ಮಳೆಗಾಲದಲ್ಲಿ. ಮಳೆ ಬಂದ ಸಂಜೆಯೆಲ್ಲ ಸ್ವರ ಕೆಡುತ್ತಿತ್ತು, ಬಲ್ಬು ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಮೊದಲು ವಾಲ್ವಿಗೆ ಶೀತವಾಗಿದೆ ಅಂದುಕೊಂಡ. ಆಮೇಲೆ ಒಂದು ದಿನ ಹಿತ್ತಲಿನಿಂದ ಓಡಿಬಂದು, 'ಅತ್ತಿಗೆ! ಮುನಿಶಾಮಪ್ಪನ ಮೋಟಾರೂ ನನ್ನ ಆಂಪ್ಲೀನೂ ಒಂದೇ ಯಂತ್ರ!' ಅಂತ ಕೂಗಿದ. ಇವನಿಗೆ ತಲೆ ಪೂರ್ತಿ ಕೆಟ್ಟಿತು ಅಂತ ನಾನು ದೇವರ ಮನೆಯ ಕಡೆ ನೋಡಿದೆ.

ಮುನಿಶಾಮಪ್ಪ ನಮ್ಮ ಹಿತ್ತಲಿನಾಚೆ ದ್ರಾಕ್ಷಿ ತೋಟ ಇಟ್ಟಿದ್ದ ರೈತ. ಸಂಜೆಯಾದರೆ ಅವನೂ, ಅಲ್ಲಾಳಸಂದ್ರದ ಕಡೆಯ ಬೇರೆ ತೋಟದವರೂ ಬಾವಿಯ ಮೋಟಾರು ಹಾಕಿ ಬಳ್ಳಿಗೆ ನೀರು ಬಿಡುತ್ತಿದ್ದರು. ಮೋಟಾರುಗಳು ಕರೆಂಟನ್ನೆಲ್ಲ ಕುಡಿದು ನಮಗೆ ತಳದಲ್ಲಿ ಉಳಿದದ್ದು ಬರುತ್ತಿತ್ತು. ಆ ಸೊರಗಿದ ಕರೆಂಟಿನಲ್ಲಿ ಮಾತ್ರ ಟೀಪೆಟ್ಟಿಗೆ ಹಾಗೆ ಹಾಡುತ್ತಿತ್ತು! ಮೈದುನ ಬಲ್ಬು ಕಟ್ಟಿ, ತಂತಿ ಸುತ್ತಿ, ಬೇರೆ ರೀತಿಯಲ್ಲಿ ಕರೆಂಟು ಇಳಿಸಿ ನೋಡಿದ. ಇಳಿಯಿತು, ಸ್ವರ ಬರಲಿಲ್ಲ. ಮೋಟಾರು ಎಳೆದು ಎಳೆದು ಬಿಡುವಾಗ ಕರೆಂಟು ಉಸಿರಾಡುತ್ತದಂತೆ, ಆ ಉಸಿರೇ ಬೇಕಂತೆ. ಒಬ್ಬ ಮನುಷ್ಯ ಇಷ್ಟು ವರ್ಷ ಬೆವರು ಸುರಿಸಿ ಕೊನೆಗೆ ಕಂಡುಹಿಡಿದದ್ದು, ತನ್ನ ಸ್ವರದ ತಿರುಪು ಪಕ್ಕದವನ ಬಾವಿಯ ಹತ್ತಿರ ಇದೆ ಅಂತ. ಇದಕ್ಕಿಂತ ನಿರಾಸೆ ಇನ್ನೇನಿದೆ ಹೇಳಿ!

ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಅವನು ಮುನಿಶಾಮಪ್ಪನ ಬಾಗಿಲಿಗೆ ಹೋಗಿ ಬಂದದ್ದೂ ಉಂಟು.

'ಏನ್ ಸಾಮಿ, ಮಳೆ ಉಯ್ತಾ ಐತೆ, ಮೋಟ್ರು ಆಕು ಅಂತೀರಲ್ಲ! ಬಳ್ಳಿ ಕೊಳ್ತೋಗಲ್ವಾ?'

'ಸ್ವಲ್ಪ ಹೊತ್ತು ಮುನಿಶಾಮಪ್ಪ. ಒಂದು ರಾಗ ಮುಗಿಯೋವರೆಗೆ.'

'ನಿಮ್ ರಾಗಕ್ಕೂ ನಮ್ ಬಳ್ಳಿಗೂ ಏನ್ ಸಂಬಂಧ ಸಾಮಿ? ಓಗಿ, ಬೆಚ್ಚಗೆ ಮಲ್ಕಳಿ' ಅಂತ ಮುನಿಶಾಮಪ್ಪ ಕರುಣೆಯಿಂದ ಬಾಗಿಲು ಹಾಕಿಕೊಂಡನಂತೆ.

ಇವನಿಗೆ ಒಂದು ಮದುವೆಯಾದರೂ ಮಾಡೋಣ, ಹುಚ್ಚು ಬಿಟ್ಟೀತು ಅಂತ ಚಿಕ್ಕಬಾಣಾವರಕ್ಕೆ ಹೆಣ್ಣು ನೋಡಲು ಕರೆದುಕೊಂಡು ಹೋದೆ. ಹುಡುಗಿ ಲಕ್ಷಣವಾಗಿದ್ದಳು, ಉಪ್ಪಿಟ್ಟು ತಂದುಕೊಟ್ಟಳು, ಹಾಡಿದಳು. ಇವನು ಅವಳನ್ನು ಬಿಟ್ಟು ತಲೆಯೆತ್ತಿ ಸೂರನ್ನೇ ನೋಡುತ್ತಿದ್ದ. ನಾಚಿಕೆ ಇರಬೇಕು ಅಂದುಕೊಂಡೆ. ಆಚೆ ಬಂದ ಮೇಲೆ 'ಹುಡುಗಿ ಹೇಗೋ?' ಅಂದರೆ, 'ಬಲ್ಬು ತುಂಬಾ ಬೆಳ್ಳಗೆ ಉರೀತಾ ಇದೆ ಅತ್ತಿಗೆ. ಅಳಿಯ ಅಂತ ಇಲ್ಲಿಗೆ ಬಂದ್ರೆ ನಾನು ನುಡಿಸೋ ಹಾಗೇ ಇಲ್ಲ' ಅಂದ! ಆ ಸಂಬಂಧ ಅಲ್ಲಿಗೆ ಮುಗಿಯಿತು. ಆಮೇಲೆ ಬಂದವಕ್ಕೂ ಅದೇ ಗತಿ.

ಇಷ್ಟಾದರೂ ಒಂದು ಒಳ್ಳೆಯದಾಯಿತು, ಅಥವಾ ಆಗಿಯೇಬಿಟ್ಟಿತು ಅಂತ ನಾವು ನಂಬಿದೆವು. ಅವನು ಪೇಟೆಗೆ ಹೋಗಿ ವಾದ್ಯಗೋಷ್ಠಿಯ ಯಜಮಾನರ ಮುಂದೆ ಈ ಮೋಟಾರಿನ ಕಥೆಯನ್ನೆಲ್ಲ ತೋಡಿಕೊಂಡ. ಬೇರೆಯವರಾಗಿದ್ದರೆ ಆಳನ್ನು ಕರೆದು ಹೊರಗೆ ಕಳಿಸುತ್ತಿದ್ದರು. ಅವರು ಪೂರ್ತಿ ಕೇಳಿ, 'ನಿನ್ನ ಕಿವೀಲಿರೋ ಸ್ವರ ಯಾವುದು ಅಂತ ನಾನೊಂದು ಸಲ ಕೇಳಬೇಕು. ಕೇಳಿದ್ರೆ ನಮ್ಮ ಆಂಪ್ಲಿಯಲ್ಲಿ ಅದನ್ನ ಹೇಗೋ ತರಬಹುದು. ಶನಿವಾರ ಸಂಜೆ ನಿಮ್ಮೂರಿಗೇ ಬರ್ತೀನಿ' ಅಂದರಂತೆ. ಅವನು ಅದನ್ನು ಹೇಳುವಾಗ ತೊದಲುತ್ತಿದ್ದ. ನಾನು ಕೂಡಲೇ ಕೋಡುಬಳೆಗೆ ಹಿಟ್ಟು ಕಲಸಿದೆ.

ಸರಿಯಾಗಿ ಅದೇ ವಾರ, ಕೇಳಿ ನಮ್ಮ ಕರ್ಮವನ್ನು, ಊರಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು! ಅದಕ್ಕೆ ಹೂವಿನ ಹಾರ, ಪೂಜೆ, ತೆಂಗಿನಕಾಯಿ, ಮೂವರ ಭಾಷಣ. ಸಂಜೆ ಸ್ವಿಚ್ಚು ಹಾಕಿದರೆ ಮನೆಯೆಲ್ಲ ಹಾಡಹಗಲು. ಜೇಡರ ಬಲೆ, ಗೋಡೆಯ ಎಣ್ಣೆ ಜಿಡ್ಡು, ನಮ್ಮ ಯಜಮಾನರ ನರೆಗೂದಲು ಎಲ್ಲ ಒಟ್ಟಿಗೇ ನನ್ನ ಕಣ್ಣಿಗೆ ಬಿದ್ದವು. ಬೀದಿಯಲ್ಲಿ ಹುಡುಗರು ಕೇಕೆ ಹಾಕಿದರು. ಮೈದುನ ಒಂದು ಸಲ ಮೀಟಿ ನೋಡಿದ. ಡಬ್ಬ, ಕಡಲೆಕಾಳು. ಗಿಟಾರು ಗೋಡೆಗೆ ಒರಗಿಸಿ, ಮುಸುಕು ಹಾಕಿಕೊಂಡು ಮಲಗಿಬಿಟ್ಟ. ಊಟಕ್ಕೆ ಎಬ್ಬಿಸಲು ಹೋದರೆ ಹೊದಿಕೆಯೊಳಗೆ ಬೆನ್ನು ಅಲುಗಾಡುತ್ತಿತ್ತು. ನನ್ನ ವಯಸ್ಸಿನ ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. 'ಸೋಮವಾರದಿಂದ ಮತ್ತೆ ಆ ಕುರ್ಚಿ, ಆ ಮೇಜು. ಸಾಯೋವರೆಗೆ ಅದೇ ಅತ್ತಿಗೆ' ಅಂದ. ಹೊಸ ಟ್ರಾನ್ಸ್‌ಫಾರ್ಮರಿಗೆ ನಾನು ಹಾಕಿದಷ್ಟು ಶಾಪವನ್ನು ಯಾರೂ ಹಾಕಿರಲಾರರು.

ಶನಿವಾರ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಎಲ್ಲ ಮೋಟಾರುಗಳೂ ಗಿರಣಿಯೂ ಒಟ್ಟಿಗೇ ಓಡಿದರೆ ಹೊಸ ಟ್ರಾನ್ಸ್‌ಫಾರ್ಮರೂ ಸೊರಗೀತು ಅನ್ನಿಸಿತು. ಸೆರಗು ಬಿಗಿದುಕೊಂಡು ಮುನಿಶಾಮಪ್ಪನ ತೋಟಕ್ಕೆ ಹೋದೆ. ಇಂಥ ಮಾತನ್ನು ಹೇಗೆ ಕೇಳುವುದು? 'ಇವತ್ತು ಸಂಜೆ ಮೋಟಾರು ಹಾಕ್ತೀಯಾ? ಬೇರೆ ತೋಟದವರಿಗೂ ಹೇಳ್ತೀಯಾ? ನಮ್ಮ ಹುಡುಗನ ಬದುಕಿನ ಪ್ರಶ್ನೆ' ಅಂದೆ. ನನ್ನ ಕಿವಿಗೇ ಅದು ಹುಚ್ಚರ ಮಾತಿನ ಹಾಗೆ ಕೇಳಿಸಿತು.

ಮುನಿಶಾಮಪ್ಪ ಹೆಂಡತಿಯ ಮುಖ ನೋಡಿದ. ಆಕೆ, 'ಆ ಕುಯ್ಯೋ ಅನ್ನೋ ಅಣ್ಣಂದಾ? ಯಾಕೆ ನಿಲ್ಸವ್ರೆ? ಸಂಜೆ ತೋಟ್ದಾಗೆ ಬೇಜಾರಾಯ್ತದೆ' ಅಂದಳು. ಅಲ್ಲಿಂದ ಹಿಟ್ಟಿನ ಗಿರಣಿಗೆ ಹೋದೆ. ಗಿರಣಿಯ ಸಾಹೇಬರು ಗಡ್ಡ ಸವರಿಕೊಂಡು, 'ಖಾಲಿ ಓಡಿಸಿದ್ರೆ ಕಲ್ಲು ಸವೀತದೆ ಅಮ್ಮಾ' ಅಂದರು. ನಾನು ಬಾಗಿಲು ಬಿಟ್ಟು ಕದಲಲಿಲ್ಲ. 'ಹೋಗ್ಲಿ, ನಮ್ಮ ಮನೆ ರಾಗೀನೇ ಹಾಕ್ತೀನಿ. ಎಷ್ಟು ಹೊತ್ತಿಗೆ ಶುರು?' ಅಂದರು.

ಸಂಜೆಯಾಯಿತು. ಹಿತ್ತಲಿನಾಚೆ ಒಂದು ಮೋಟಾರು ಗುರ್ ಅಂದಿತು. ಅದರಾಚೆ ಇನ್ನೊಂದು, ಮತ್ತೊಂದು. ಗಿರಣಿ ಕೂಗಿತು. ನಮ್ಮ ಬಲ್ಬು ಬಿಳುಪು ಬಿಟ್ಟು ಹಳದಿಗೆ ಬಂತು, ಹಳದಿ ಬಿಟ್ಟು ಕೆಂಪಿಗೆ ಇಳಿಯಿತು. ನಾನು ಮೈದುನನ ಮುಸುಕು ಎಳೆದೆ. 'ಏಳಯ್ಯ, ಕರೆಂಟು ಕೆಟ್ಟಿದೆ!' ಅವನು ಎದ್ದು ಕೂತು ಬಲ್ಬು ನೋಡಿದ, ಹೊರಗಿನ ಸದ್ದು ಕೇಳಿದ, ನನ್ನ ಮುಖ ನೋಡಿದ. ಮುಖ ತೊಳೆದುಕೊಂಡು ಬಂದು ಗಿಟಾರು ತೊಡೆಯ ಮೇಲಿಟ್ಟುಕೊಂಡ. ಸ್ವರ ಬಂತು.

ವಾದ್ಯಗೋಷ್ಠಿಯ ಯಜಮಾನರು ಬರಲಿಲ್ಲ. ಒಂದು ಬಸ್ಸು ಬಂತು, ಹೋಯಿತು. ನಮ್ಮವರು ಬಸ್ ನಿಲ್ದಾಣದಲ್ಲೇ ನಿಂತಿದ್ದರು. ಇನ್ನೊಂದು ಬಸ್ಸೂ ಬಂತು. ನಮ್ಮವರು ಒಬ್ಬರೇ ಹಿಂದಿರುಗಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಇಲ್ಲ ಅಂತ ತಲೆಯಾಡಿಸಿದರು. ಗೋಷ್ಠಿಯ ಯಜಮಾನರು ಯಾಕೆ ಬರಲಿಲ್ಲ ಅಂತ ನಮಗೆ ಇವತ್ತಿಗೂ ತಿಳಿಯದು. ಮರೆತರೋ, ಮೈಗೆ ಹುಷಾರಿರಲಿಲ್ಲವೋ. ಗಿಟಾರಿನ ಜಾಗಕ್ಕೆ ಬೇರೊಬ್ಬ ಬಂದದ್ದು ಮಾತ್ರ ಆಮೇಲೆ ಗೊತ್ತಾಯಿತು.

ಮೈದುನ ಉಕ್ಕಿನ ತುಂಡನ್ನು ಕೆಳಗಿಟ್ಟ. ಅಳಲಿಲ್ಲ. 'ಮೋಟಾರು ನಿಲ್ಲಿಸೋಕೆ ಹೇಳಿ ಅತ್ತಿಗೆ. ನನಗೋಸ್ಕರ ಬಾವಿ ಬರಿದಾದ್ರೆ ನಾಳೆ ಬಳ್ಳಿಗೇನು ಬಿಡ್ತಾರೆ' ಅಂದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಹೇಳಲು ಹಿತ್ತಲಿಗೆ ಬಂದರೆ, ಬೇಲಿಯ ಹತ್ತಿರ ಮುನಿಶಾಮಪ್ಪ ಮಂಡಿಯವರೆಗೆ ಕೆಸರು ಮೆತ್ತಿಕೊಂಡು ನಿಂತಿದ್ದಾನೆ. ಅವನ ಹಿಂದೆ ಹೆಂಡತಿ. ಇನ್ನೂ ಯಾರು ಯಾರೋ ತೋಟದವರು, ಗುದ್ದಲಿ ಊರಿಕೊಂಡು.

'ಯಾಕವ್ವ ನಿಂತೋಯ್ತು?'

'ಬರಬೇಕಾದವರು ಬರಲಿಲ್ಲಪ್ಪ. ಇನ್ನು ಮೋಟಾರು ನಿಲ್ಲಿಸಿಬಿಡಿ. ಬಾವಿ ಬತ್ತುತ್ತೆ ಅಂತ ಅವನೇ ಹೇಳಿ ಕಳಿಸಿದ.'

ಮುನಿಶಾಮಪ್ಪ ನನ್ನನ್ನು ದಾಟಿ ನಮ್ಮ ಕಿಟಕಿಯ ಕಡೆಗೆ ಗಟ್ಟಿಯಾಗಿ ಕೂಗಿ ಹೇಳಿದ: 'ಸಾಮೀ! ಅವ್ರ್ ಬರ್ದಿದ್ರೆ ಓಗ್ಲಿ, ನಾವ್ ಬಂದಿಲ್ವಾ? ಬಾವೀಲಿ ಇನ್ನೂ ನೀರೈತೆ. ಬಾರ್ಸಿ.'

ನಾನು ಬೇಲಿ ಹಿಡಿದು ನಿಂತು, ನುಡಿಸು ಕಣಪ್ಪಾ, ನುಡಿಸು ಕಣಪ್ಪಾ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ನುಡಿಸಿದ.